ಅಂಗೈ ಮೇಲೊಂದು ಜೀಪು

ಪರೀಕ್ಷೆ ಮುಗಿದು ರಜೆ ಆರಂಭವಾಗಿದೆ. ಮಾವ ತಂದುಕೊಟ್ಟ ಪೆಟ್ಟಿಗೆಯ ಮೇಲೆ ಮಿಲಿಟರಿ ಜೀಪಿನ ಅಂದವಾದ ಚಿತ್ರ. ಮುಚ್ಚಳ ತೆಗೆದ ಹುಡುಗನಿಗೆ ಮಾತ್ರ ನಿರಾಸೆ. ಒಳಗೆ ಜೀಪೇ ಇಲ್ಲ! ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡಿರುವ ಬಿಡಿಭಾಗಗಳಿವೆ. ಕೆಲವು ಜೋಳದ ಕಾಳಿಗಿಂತ ಚಿಕ್ಕವು. ‘ಸಂಜೆಯೊಳಗೆ ಮುಗಿಸಿಬಿಡ್ತೀನಿ ನೋಡಮ್ಮ’ ಎಂದು ಕೂರುತ್ತಾನೆ. ಸಂಜೆಯ ಹೊತ್ತಿಗೆ ಚಕ್ರ ಓರೆ, ಗಾಜು ಮಸುಕು, ಬೆರಳ ತುಂಬ ಅಂಟು.

ಮಾದರಿ ಜೋಡಿಸಲು ಹೊರಟ ಅನೇಕ ಮಕ್ಕಳ ಮೊದಲ ಅನುಭವ ಇದು. ಈ ಹವ್ಯಾಸ ಕಲಿಸುವ ಮೊದಲ ಪಾಠವೂ ಇದೇ: ಅವಸರ ಸಲ್ಲದು.

ವಿಚಿತ್ರವೆಂದರೆ, ನಿಜವಾದ ಜೀಪು ಹುಟ್ಟಿದ್ದೇ ಅವಸರದಲ್ಲಿ. 1940ರಲ್ಲಿ ಅಮೆರಿಕದ ಸೇನೆ ಹಗುರವಾದ ವಾಹನವೊಂದನ್ನು ಬಯಸಿ, ಮೊದಲ ಮಾದರಿಗೆ ಕೊಟ್ಟ ಗಡುವು ಕೇವಲ 49 ದಿನ. ಪೆನ್ಸಿಲ್ವೇನಿಯಾದ ಬ್ಯಾಂಟಮ್ ಎಂಬ ಸಣ್ಣ ಕಂಪೆನಿ ಸೆಪ್ಟೆಂಬರ್ 23ರಂದು ಅದನ್ನು ಒಪ್ಪಿಸಿತು. ಬಳಿಕ ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು 1945ರ ವೇಳೆಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪೆನಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ತಯಾರಿಸತೊಡಗಿದಾಗ ಮಾಡಿದ್ದೂ ಹೊರದೇಶದಿಂದ ಬಂದ ಬಿಡಿಭಾಗಗಳ ಜೋಡಣೆಯನ್ನೇ!

ಪೆಟ್ಟಿಗೆಯ ಮೇಲೆ 1:72 ಎಂದಿರುತ್ತದೆ. ಅಂದರೆ ಆರು ಅಡಿ ಎತ್ತರದ ಸೈನಿಕ ಇಲ್ಲಿ ಒಂದು ಅಂಗುಲ. 3.36 ಮೀಟರ್ ಉದ್ದದ ಜೀಪು ಇಲ್ಲಿ 47 ಮಿಲಿಮೀಟರ್. ಈ ಲೆಕ್ಕ ಬಣ್ಣಕ್ಕೂ ಅನ್ವಯಿಸುತ್ತದೆ. ಕಾಲು ಮಿಲಿಮೀಟರ್ ದಪ್ಪಕ್ಕೆ ಬಣ್ಣ ಬಳಿದರೆ, ನಿಜವಾದ ಜೀಪಿಗೆ 18 ಮಿಲಿಮೀಟರ್ ದಪ್ಪ ಮೆತ್ತಿದಂತೆ! ಬಣ್ಣವನ್ನು ತೆಳುವಾಗಿ, ಒಂದು ಪದರ ಒಣಗಿದ ಮೇಲೆ ಇನ್ನೊಂದು ಬಳಿಯಬೇಕೆನ್ನುವುದು ಇದಕ್ಕಾಗಿಯೇ.

ಮೊದಲು ಭಾಗಗಳನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಅಚ್ಚಿನ ಎಣ್ಣೆಯ ಪಸೆ ಉಳಿದರೆ ಬಣ್ಣ ಹಿಡಿಯದು. ಭಾಗಗಳನ್ನು ಕೈಯಿಂದ ಮುರಿಯದೆ ಕತ್ತರಿಸಿ, ಉಳಿದ ಮೊಳೆಯನ್ನು ನಯವಾದ ಮರಳು ಕಾಗದದಿಂದ ಉಜ್ಜಬೇಕು. ಅಂಟು ಹಚ್ಚುವ ಮುನ್ನ ಸುಮ್ಮನೆ ಜೋಡಿಸಿ ನೋಡಬೇಕು. ಮಾದರಿಗೆಂದೇ ಸಿಗುವ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡನ್ನು ಒಂದಾಗಿಸುತ್ತದೆ. ತಪ್ಪಾಗಿ ಕೂತರೆ ಬಿಡಿಸುವುದು ಕಷ್ಟ. ಪಾರದರ್ಶಕ ಗಾಜಿಗೆ ಬಿಳಿ ಅಂಟೇ ಒಳ್ಳೆಯದು, ಮಸುಕಾಗದು. ಕೊನೆಯಲ್ಲಿ ಬಿಳಿ ನಕ್ಷತ್ರದ ಚೀಟಿಯನ್ನು ಕೆಲವು ಕ್ಷಣ ನೀರಿನಲ್ಲಿಟ್ಟು, ಜಾರಿಸಿ ಕೂರಿಸಿದರಾಯಿತು.

ಕೈ ಪಳಗಿದಂತೆ ಕಣ್ಣೂ ಪಳಗುತ್ತದೆ. ಯುದ್ಧಕಾಲದ ಬಹುಪಾಲು ಜೀಪುಗಳ ಮುಂಭಾಗದ ಜಾಲರಿಗೆ ಒಂಬತ್ತು ಸೀಳುಗಳು. ಯುದ್ಧಾನಂತರ ನಾಗರಿಕರಿಗಾಗಿ ವಿಲ್ಲಿಸ್ ಮಾಡಿದ ಜೀಪಿಗೆ ಏಳು. ಇದು ತಿಳಿದ ಹುಡುಗ ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಹಳೆಯ ಜೀಪು ಕಂಡರೆ ಮುಂದೆ ನಿಂತು ಎಣಿಸದೆ ಹೋಗಲಾರ. ನೋಡುವುದಕ್ಕೂ ಗಮನಿಸುವುದಕ್ಕೂ ಇರುವ ಅಂತರ ಇಷ್ಟೇ.

ಇಲ್ಲಿ ತಂದೆತಾಯಿಯರ ಪಾತ್ರವೇನು? ಅಂಟು, ಬಣ್ಣಗಳ ಕೆಲಸ ಗಾಳಿಯಾಡುವ ಕಿಟಕಿಯ ಬಳಿ ನಡೆಯುವಂತೆ ನೋಡಿಕೊಳ್ಳುವುದು; ಹರಿತವಾದ ಬ್ಲೇಡು ಹಿಡಿಯುವಾಗ ಜತೆಗಿರುವುದು. ಇದು ಯುದ್ಧದ ವಾಹನ ಎಂಬುದನ್ನೂ ಮರೆಸಬೇಕಾಗಿಲ್ಲ. ಇದೇ ಜೀಪಿನ ಮೇಲೆ ಸ್ಟ್ರೆಚರ್ ಕಟ್ಟಿ ಗಾಯಾಳುಗಳನ್ನು ಸಾಗಿಸಿದರೆಂದು ಹೇಳಿದರೆ, ಆಟಿಕೆಯ ಹಿಂದಿರುವ ಮನುಷ್ಯರೂ ಮಗುವಿಗೆ ಕಾಣಿಸುತ್ತಾರೆ.

ಆದರೆ ಒಂದನ್ನು ಮಾತ್ರ ಮಾಡಬಾರದು. ಚಕ್ರ ಓರೆಯಾಯಿತೆಂದು ಅಪ್ಪನೇ ಕೈಹಾಕಿ ಸರಿಪಡಿಸಬಾರದು. ಪರೀಕ್ಷೆಯಲ್ಲಿ ತಪ್ಪಿದರೆ ಅಂಕ ಹೋಗುತ್ತದೆ. ಇಲ್ಲಿ ತಪ್ಪಿದರೆ ಹೋಗುವುದು ಏನೂ ಇಲ್ಲ. ತಪ್ಪು ಮಾಡಿ, ಅದನ್ನು ತಾನೇ ಕಂಡುಕೊಂಡು, ಮುಂದಿನ ಬಾರಿ ತಿದ್ದಿಕೊಳ್ಳುವ ಇಂಥ ಅವಕಾಶ ಇಂದಿನ ಮಕ್ಕಳಿಗೆ ಸಿಗುವುದೇ ಅಪರೂಪ.

ಓರೆ ಚಕ್ರದ ಆ ಮೊದಲ ಜೀಪು ಕಪಾಟಿನಲ್ಲಿ ಹಾಗೆಯೇ ಇರಲಿ. ಎರಡನೆಯದು ಪಕ್ಕದಲ್ಲಿ ಬಂದು ನಿಂತಾಗ, ತಾನೆಷ್ಟು ಕಲಿತೆನೆಂದು ಹುಡುಗನಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ.