ರವದಿಯಲ್ಲಿ ಅಡಗಿರುವ ಸಕ್ಕರೆ



ಬೆಳಗಾವಿ ಜಿಲ್ಲೆಯ ಮೂಡಲಗಿ, ಗೋಕಾಕ ಭಾಗದಲ್ಲಿ ಕಬ್ಬಿನ ಕಟಾವು ಮುಗಿದ ಮೇಲೆ ಹೊಲದ ತುಂಬ ಒಣಗಿದ ಎಲೆ, ಅಂದರೆ ರವದಿ, ಉಳಿಯುತ್ತದೆ. ಎಷ್ಟೋ ಕಡೆ ಅದಕ್ಕೆ ಬೆಂಕಿ ಹಚ್ಚುವುದುಂಟು. ಹಾಗೆ ಸುಟ್ಟುಹೋಗುವುದು ಬರಿಯ ಕಸವಲ್ಲ, ಸಕ್ಕರೆಯೂ ಹೌದು ಎಂದರೆ ನಂಬುವಿರಾ?

ಮರ, ಹುಲ್ಲು, ರವದಿ ಇವೆಲ್ಲಕ್ಕೂ ಗಟ್ಟಿತನ ಕೊಡುವ ಮುಖ್ಯ ವಸ್ತು ಸೆಲ್ಯುಲೋಸ್. ಸಾವಿರಾರು ಗ್ಲೂಕೋಸ್ ಘಟಕಗಳು ಸರಪಳಿಯಂತೆ ಸೇರಿ ಇದು ಆಗಿದೆ. ಈ ಸರಪಳಿಯನ್ನು ಕತ್ತರಿಸುವ ಕಿಣ್ವಗಳಿಗೆ ಸೆಲ್ಯುಲೇಸ್ ಎಂದು ಹೆಸರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಹತ್ತಿಬಟ್ಟೆಯ ಡೇರೆಗಳನ್ನು ಒಂದು ಶಿಲೀಂಧ್ರ ಹಾಳುಮಾಡಿತು. ಟ್ರೈಕೊಡರ್ಮಾ ರೀಸಿ ಎಂಬ ಆ ಶಿಲೀಂಧ್ರವೇ ಇಂದು ಸೆಲ್ಯುಲೇಸ್ ತಯಾರಿಕೆಯ ಮುಖ್ಯ ಮೂಲಗಳಲ್ಲಿ ಒಂದು.

ಹಾಗಾದರೆ ರವದಿಗೆ ಕಿಣ್ವ ಬೆರೆಸಿದರೆ ಸಾಕಲ್ಲವೇ? ಸಾಲದು. ಹತ್ತಿ ಬಹುಮಟ್ಟಿಗೆ ಬರಿಯ ಸೆಲ್ಯುಲೋಸ್. ಮರದಲ್ಲಿ, ರವದಿಯಲ್ಲಿ ಹಾಗಲ್ಲ. ಅಲ್ಲಿ ಸೆಲ್ಯುಲೋಸ್ ಎಳೆಗಳು ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳಂತೆ ಹುದುಗಿವೆ. ಸುತ್ತಲೂ ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್ ಬಿಗಿದುಕೊಂಡಿವೆ. ದೊಡ್ಡ ಅಣುವಾದ ಕಿಣ್ವಕ್ಕೆ ಒಳನುಗ್ಗಲು ದಾರಿಯಿಲ್ಲ. ಜೊತೆಗೆ, ಎಷ್ಟೋ ಕಿಣ್ವ ಲಿಗ್ನಿನ್‌ಗೆ ಅಂಟಿಕೊಂಡು ವ್ಯರ್ಥವಾಗುತ್ತದೆ.

ಆದ್ದರಿಂದ ಮೊದಲು ರಾಸಾಯನಿಕ ಸಂಸ್ಕರಣೆ ಬೇಕು. ದುರ್ಬಲ ಸಲ್ಫ್ಯೂರಿಕ್ ಆಮ್ಲದಲ್ಲಿ ಹೆಚ್ಚಿನ ಶಾಖಕ್ಕೆ ಬೇಯಿಸಿದರೆ ಹೆಮಿಸೆಲ್ಯುಲೋಸ್ ಕರಗುತ್ತದೆ. ಕಾಸ್ಟಿಕ್ ಸೋಡಾದಂಥ ಕ್ಷಾರ ಲಿಗ್ನಿನನ್ನು ಕರಗಿಸುತ್ತದೆ. ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ಮರದ ಚೂರುಗಳನ್ನು ಕ್ಷಾರದಲ್ಲಿ ಬೇಯಿಸಿ ಲಿಗ್ನಿನ್ ತೆಗೆಯುವುದೂ ಇದೇ ತತ್ತ್ವದ ಮೇಲೆ. ದಾರಿ ತೆರೆದ ಮೇಲೆ ಸುಮಾರು 50 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಿಣ್ವ ತನ್ನ ಕೆಲಸ ಮಾಡುತ್ತದೆ. ಬಂದ ಗ್ಲೂಕೋಸನ್ನು ಯೀಸ್ಟ್ ಎಥನಾಲ್ ಆಗಿ ಮಾರ್ಪಡಿಸುತ್ತದೆ.

ಆದರೆ ಸಂಸ್ಕರಣೆ ಅತಿಯಾಗಬಾರದು. ಆಮ್ಲ, ಶಾಖ ಹೆಚ್ಚಾದರೆ ಸಕ್ಕರೆಯೇ ಕೆಟ್ಟು ಫರ್‌ಫ್ಯುರಾಲ್ ಮುಂತಾದ ವಸ್ತುಗಳಾಗಿ ಯೀಸ್ಟ್‌ಗೆ ವಿಷವಾಗುತ್ತವೆ.

ಈ ತತ್ತ್ವ ಹಳ್ಳಿಗೆ ಹೊಸದಲ್ಲ. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ ಸುಮಾರು 3 ವಾರ ಮುಚ್ಚಿಡುವ ಪದ್ಧತಿಯನ್ನು ನೀವು ಕೇಳಿರಬಹುದು. ಯೂರಿಯಾದಿಂದ ಹುಟ್ಟುವ ಅಮೋನಿಯಾ ಒಂದು ಕ್ಷಾರ. ಅದು ಹುಲ್ಲಿನ ಬಿಗಿ ಸಡಿಲಿಸುತ್ತದೆ. ಎಮ್ಮೆಯ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳ ಕಿಣ್ವಗಳಿಗೆ ಕೆಲಸ ಸುಲಭವಾಗುತ್ತದೆ. ಯೂರಿಯಾ ಹೆಚ್ಚಾದರೆ ದನಕ್ಕೆ ಅಪಾಯ. ಪಶುವೈದ್ಯರ ಸಲಹೆ ಅಗತ್ಯ.

ಹರಿಯಾಣದ ಪಾಣಿಪತ್‌ನಲ್ಲಿ ಭತ್ತದ ಹುಲ್ಲಿನಿಂದ ಎಥನಾಲ್ ತಯಾರಿಸುವ ಘಟಕ 2022ರಲ್ಲಿ ಉದ್ಘಾಟನೆಯಾಯಿತು. ರವದಿಗೂ ಇಂಥ ಬೆಲೆ ಬರಬಹುದು. ಆದರೆ ಅದೆಲ್ಲವನ್ನೂ ಹೊಲದಿಂದ ಹೊತ್ತೊಯ್ಯುವುದೂ ತರವಲ್ಲ. ಕೊಳೆತು ಗೊಬ್ಬರವಾಗಲು ಮಣ್ಣಿಗೂ ಅದರ ಪಾಲು ಬೇಕು. ಬೆಂಕಿಗೆ ಮಾತ್ರ ಪಾಲು ಬೇಡ.