ಡ್ರಗ್ಸ್ ಸರ್ವೆ: ಬಾಗಿಲು ತಟ್ಟಿ ಕೇಳಿದ್ರೆ ಯಾರು ನಿಜ ಹೇಳ್ತಾರೆ?

ಸರ್ವೆಯವರು ಮನೆಗೆ ಬಂದು "ನಿಮ್ಮಲ್ಲಿ ಯಾರಾದ್ರೂ ಗಾಂಜಾ ಸೇದ್ತಾರಾ, ಹೆರಾಯಿನ್ ತಗೋತಾರಾ?" ಅಂತ ಕೇಳಿದರೆ ಏನು ಉತ್ತರ ಸಿಗುತ್ತೆ? ಅಪ್ಪ ಹಾಲ್‌ನಲ್ಲೇ ಕೂತಿರ್ತಾರೆ, ಪಕ್ಕದ ಮನೆಯವರ ಕಿವಿ ಇತ್ತಲೇ ಇರುತ್ತೆ. "ಇಲ್ಲ ಸರ್" ಅನ್ನೋದು ಬಿಟ್ಟು ಬೇರೆ ಮಾತು ಬರಲ್ಲ. ಅದರ ಜೊತೆ ಕೇಸಿನ ಭಯ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಮಾರುವುದಷ್ಟೇ ಅಲ್ಲ, ಸೇವಿಸುವುದೂ ಅಪರಾಧ. ಹೆರಾಯಿನ್, ಕೊಕೇನ್ ಸೇವನೆಗೆ ಒಂದು ವರ್ಷದವರೆಗೆ ಜೈಲು ಆಗಬಹುದು.

ಹಾಗಾದರೆ ಪೇಪರ್‌ನಲ್ಲಿ ಬರುವ "ದೇಶದಲ್ಲಿ ಇಷ್ಟು ಲಕ್ಷ ವ್ಯಸನಿಗಳು" ಅನ್ನೋ ಲೆಕ್ಕ ಎಲ್ಲಿಂದ ಬರುತ್ತೆ?

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರಲ್ಲಿ 186 ಜಿಲ್ಲೆಗಳ 2,00,111 ಮನೆಗಳಿಗೆ ಹೋಗಿ 4,73,569 ಜನರನ್ನು ಮಾತಾಡಿಸಿದ್ದರು. ಆದರೆ ಮನೆ ಸರ್ವೆಯೊಂದನ್ನೇ ನಂಬಿ ಕೂರಲಿಲ್ಲ. 135 ಜಿಲ್ಲೆಗಳಲ್ಲಿ ಇನ್ನೊಂದು ಸರ್ವೆ ಮಾಡಿ, ಡ್ರಗ್ಸ್‌ಗೆ ಅಂಟಿಕೊಂಡಿದ್ದ 72,642 ಜನರನ್ನು ಮಾತಾಡಿಸಿದರು. ಇವರನ್ನು ಹುಡುಕಿಕೊಟ್ಟವರು ಯಾರು? ಡ್ರಗ್ಸ್ ತೆಗೆದುಕೊಳ್ಳುವವರೇ.

ಅಮೆರಿಕದ ಸಮಾಜಶಾಸ್ತ್ರಜ್ಞ ಡಗ್ಲಾಸ್ ಹೆಕಾಥಾರ್ನ್ 1997ರಲ್ಲಿ ಪ್ರಕಟಿಸಿದ ವಿಧಾನ ಇದು. ಮೊದಲು ನಾಲ್ಕಾರು ಜನರನ್ನು ಹಿಡಿದು ಮಾತಾಡಿಸುತ್ತಾರೆ. ಹೋಗುವಾಗ ಒಬ್ಬೊಬ್ಬರ ಕೈಗೆ ಎರಡು ಮೂರು ಕೂಪನ್ ಕೊಡುತ್ತಾರೆ. ಅವರು ಅದನ್ನು ತಮ್ಮ ಗುರುತಿನವರಿಗೆ ಕೊಡಬೇಕು. ಕೂಪನ್ ಮೇಲೆ ಹೆಸರಿರಲ್ಲ, ನಂಬರ್ ಮಾತ್ರ. ಬರಬೇಕೋ ಬೇಡವೋ ಅನ್ನೋದು ಕೂಪನ್ ಸಿಕ್ಕವರಿಗೆ ಬಿಟ್ಟದ್ದು. ಬಂದವರಿಗೂ ಮತ್ತೆ ಕೂಪನ್. ಹೀಗೆ ಸರಪಳಿ ಬೆಳೆಯುತ್ತೆ. ಒಬ್ಬನೇ ತನ್ನ ಗ್ಯಾಂಗನ್ನೆಲ್ಲ ತಂದು ತುಂಬಬಾರದು ಅಂತಲೇ ಕೂಪನ್‌ಗೆ ಮಿತಿ. ಸರ್ವೆಯವರನ್ನು ಕಂಡರೆ ಓಡುವ ಹುಡುಗ ಗೆಳೆಯ ಹೇಳಿದರೆ ಬರ್ತಾನೆ, ಅಷ್ಟೇ ಲೆಕ್ಕಾಚಾರ.

ಆದರೆ ಜನರನ್ನು ಕರೆತರುವುದು ಒಂದು, ಏನು ಕೇಳಬೇಕು ಅನ್ನೋದನ್ನು ತೀರ್ಮಾನಿಸೋದು ಇನ್ನೊಂದು. ಅದೇ ವರದಿಯ ಒಂದು ಅಂಶ ಅಂಗಡಿಯವರಿಗೆ ಹತ್ತಿರದ್ದು. ಪಂಕ್ಚರ್ ಸಲ್ಯೂಷನ್, ವೈಟ್ನರ್, ತಿನ್ನರ್ ಮೂಸುವ ಚಟ ದೊಡ್ಡವರಲ್ಲಿ ಶೇ. 0.58 ಇದ್ದರೆ, 10ರಿಂದ 17 ವರ್ಷದ ಮಕ್ಕಳಲ್ಲಿ ಶೇ. 1.17. ಅಂಥ ಹುಡುಗನಿಗೆ "ನೀನು ಮಾದಕ ವಸ್ತು ಸೇವಿಸ್ತೀಯಾ?" ಅಂತ ಕೇಳಿದರೆ "ಇಲ್ಲ" ಅಂತಾನೆ. ಸುಳ್ಳು ಹೇಳ್ತಿಲ್ಲ, ಸಲ್ಯೂಷನ್ ಆ ಪಟ್ಟಿಗೆ ಸೇರುತ್ತೆ ಅಂತಲೇ ಅವನಿಗೆ ಅನಿಸಿರಲ್ಲ. ಯಾವ ಮಾತಲ್ಲಿ, ಎಲ್ಲಿ, ಯಾವ ಹೊತ್ತಲ್ಲಿ ಕೇಳಬೇಕು ಅಂತ ಮೂಸಿ ಬಿಟ್ಟವನನ್ನು ಕೇಳಿದರೆ ಐದು ನಿಮಿಷದಲ್ಲಿ ಹೇಳ್ತಾನೆ. ಪ್ರಶ್ನಾವಳಿ ಬರೆಯುವಾಗಲೇ ಅವನನ್ನು ಕೂರಿಸಿಕೊಂಡರೆ ಖರ್ಚೇನೂ ಹೆಚ್ಚಾಗಲ್ಲ.

ಕೆನಡಾದ ವ್ಯಾಂಕೂವರ್‌ನಲ್ಲಿ ಇದು ಇನ್ನೂ ಮುಂದಕ್ಕೆ ಹೋಯಿತು. ಅಲ್ಲಿ ಡ್ರಗ್ಸ್ ಬಳಸುವವರದ್ದೇ ಸಂಘ 1998ರಿಂದ ಇದೆ, ವಾಂಡು ಅಂತ ಹೆಸರು. 2005ರಿಂದ 2008ರವರೆಗೆ ಆ ಊರಲ್ಲೂ ಮಾಂಟ್ರಿಯಲ್‌ನಲ್ಲೂ "ನವೋಮಿ" ಎಂಬ ಪ್ರಯೋಗ ನಡೆಯಿತು. ವರ್ಷಾನುಗಟ್ಟಲೆ ಚಟ ಬಿಡಲಾಗದ 251 ಜನರಲ್ಲಿ ಕೆಲವರಿಗೆ ವೈದ್ಯರ ಕಣ್ಣೆದುರೇ ಔಷಧ ದರ್ಜೆಯ ಹೆರಾಯಿನ್, ಇನ್ನು ಕೆಲವರಿಗೆ ಮೆಥಡೋನ್. ಮೊದಲ ಗುಂಪಿನಲ್ಲಿ ನೂರಕ್ಕೆ 88ರಷ್ಟು ಜನ ಚಿಕಿತ್ಸೆಯಲ್ಲೇ ಉಳಿದರು, ಎರಡನೆಯದರಲ್ಲಿ 54. ಪ್ರಯೋಗ ಗೆದ್ದಿತು. ಆದರೆ ಅವಧಿ ಮುಗಿದ ಮೇಲೆ ಅದೇ ರೋಗಿಗಳಿಗೆ ಆ ಔಷಧ ನಿಂತುಹೋಯಿತು.

2011ರಲ್ಲಿ ಆ ರೋಗಿಗಳು ತಮ್ಮದೇ ಸಂಘ ಕಟ್ಟಿದರು. ಸಂಶೋಧಕಿಯೊಬ್ಬರ ಜೊತೆ ಸೇರಿ, ಪ್ರಯೋಗದೊಳಗೆ ತಮಗೇನಾಯಿತು ಅನ್ನೋದನ್ನು ತಾವೇ ಅಧ್ಯಯನ ಮಾಡಿ ಬರೆದರು. ಚಿಕಿತ್ಸೆ ಕೆಲಸ ಮಾಡಿದರೆ ಪ್ರಯೋಗ ಮುಗಿದ ಮೇಲೂ ಅದು ಸಿಗಬೇಕು, ಮುಗಿದಾಗ ಏನು ಅನ್ನೋದು ಶುರುವಿನಲ್ಲೇ ಗೊತ್ತಿರಬೇಕು ಅನ್ನೋದು ಅವರ ಬೇಡಿಕೆ. ಮುಂದಿನ ಪ್ರಯೋಗದ ರೋಗಿಗಳಿಗೂ 2013ರಲ್ಲಿ ಸರ್ಕಾರ ಅಡ್ಡಗಾಲು ಹಾಕಿದಾಗ ವಿಷಯ ಕೋರ್ಟಿಗೆ ಹೋಯಿತು. 2014ರ ಮೇನಲ್ಲಿ ತಡೆಯಾಜ್ಞೆ ಸಿಕ್ಕಿತು. ಅದೇ ನವೆಂಬರ್‌ನಲ್ಲಿ ಅವರಿಗೆ ಔಷಧ ಕೊಡುವುದು ಶುರುವಾಯಿತು.

2019ರಲ್ಲಿ ಅದೇ ಬಡಾವಣೆಯ ಜನ ಸಂಶೋಧಕರಿಗೆ ನಿಯಮಗಳನ್ನೇ ಬರೆದಿಟ್ಟರು: ನೀವು ಯಾರು, ಯಾಕೆ ಬಂದಿದ್ದೀರಿ, ಇದರಿಂದ ನಿಮಗೇನು ನಮಗೇನು ಅಂತ ಮೊದಲೇ ಹೇಳಬೇಕು, ಕಂಡುಕೊಂಡದ್ದನ್ನು ವಾಪಸ್ ಬಂದು ನಮಗೂ ತಿಳಿಸಬೇಕು.

ಗಮನಿಸಿ: ಚಟ ಬಿಡಿಸಲು ಸಲಹೆ ಬೇಕಿದ್ದವರು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446ಕ್ಕೆ ಫೋನ್ ಮಾಡಬಹುದು. ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿರುವ ವ್ಯಸನಿ ತಾನಾಗಿಯೇ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಪ್ರಕಾರ ಶಿಕ್ಷೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಮಧ್ಯದಲ್ಲೇ ಬಿಟ್ಟರೆ ಆ ರಕ್ಷಣೆ ವಾಪಸ್ ಹೋಗಬಹುದು.