ಬಾದಾಮಿ ಎಂದರೆ ಯಾವುದು?

ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯ ಕಡೆ ಬೇಸಿಗೆಯಲ್ಲಿ ‘ಬಾದಾಮಿ’ ಎಂದರೆ ಮಾವಿನಹಣ್ಣು. ಯಾರೂ ಎರಡು ಸಲ ಕೇಳುವುದಿಲ್ಲ. ಅದೇ ಮಾತನ್ನು ಕಂಪ್ಯೂಟರಿಗೆ ಕೊಟ್ಟು ನೋಡಿ. ಚಾಲುಕ್ಯರ ರಾಜಧಾನಿಯೂ ಬರುತ್ತದೆ, ಹಾಲಿಗೆ ಅರೆದು ಹಾಕುವ ಬೀಜವೂ ಬರುತ್ತದೆ. ತೋತಾಪುರಿಯ ಪಾಡು ಇದಕ್ಕೆ ತಿರುಗಾಮುರುಗಾ. ಹಣ್ಣು ಒಂದೇ, ಹೆಸರು ಹಲವು: ಗಿಣಿಮೂತಿ, ಬ್ಯಾಂಗಲೋರಾ, ಆಂಧ್ರದ ಕಡೆ ಕಲೆಕ್ಟರ್.

ಇದು ಬರಿಯ ತಮಾಷೆಯಲ್ಲ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿಗೆ ತಡೆಯೊಡ್ಡಿತು. ಅಲ್ಲಿನ ತಿರುಳು ಕಾರ್ಖಾನೆಗಳನ್ನು ನಂಬಿದ್ದ ಶ್ರೀನಿವಾಸಪುರದ ಬೆಳೆಗಾರರು ಸಂಕಟಕ್ಕೆ ಸಿಲುಕಿದರು. ಆ ದಿನಗಳ ಧಾರಣೆ, ಆದೇಶ, ಸುದ್ದಿಗಳನ್ನು ನೀವು ಒಟ್ಟುಗೂಡಿಸಲು ಹೊರಟಿರೆನ್ನಿ. ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ, ಎಲ್ಲ ಹೆಸರುಗಳಡಿಯಲ್ಲೂ ಹುಡುಕಬೇಕು. ಒಂದು ಹೆಸರು ಬಿಟ್ಟುಹೋದರೆ ಗಡಿಯಾಚೆಯ ಅರ್ಧ ಕಥೆಯೇ ಬಿಟ್ಟುಹೋದೀತು.

ಈ ತೊಡಕಿಗೆ ಕಂಡುಕೊಂಡ ಉಪಾಯವೇ ‘ಟಾಪಿಕ್ ಮ್ಯಾಪ್’; ನಾವು ವಿಷಯನಕ್ಷೆ ಎನ್ನೋಣ. ಪುಸ್ತಕದ ಕೊನೆಯಲ್ಲಿರುವ ಪದಸೂಚಿಯೇ ಇದರ ಮೂಲ. ಬೇರೆಬೇರೆ ಕೈಪಿಡಿಗಳ ಪದಸೂಚಿಗಳನ್ನು ಒಂದಾಗಿಸುವುದು ಹೇಗೆ ಎಂದು 1990ರ ದಶಕದಲ್ಲಿ ತಂತ್ರಜ್ಞರು ತಲೆಕೆಡಿಸಿಕೊಂಡರು. ಆ ಚಿಂತನೆ ಮುಂದೆ ಐಎಸ್‌ಒ 13250 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಇದರ ಜೀವಾಳ ಇಷ್ಟೇ: ವಸ್ತು ಬೇರೆ, ಅದರ ಹೆಸರು ಬೇರೆ. ತೋತಾಪುರಿ ಒಂದು ‘ವಿಷಯ’. ಅದು ಶ್ರೀನಿವಾಸಪುರದಲ್ಲಿ ಬೆಳೆಯುತ್ತದೆ ಎನ್ನುವುದು ಎರಡು ವಿಷಯಗಳ ನಡುವಿನ ‘ಸಂಬಂಧ’. ಅದರ ಬಗೆಗಿನ ಚಿತ್ರ, ಲೇಖನ, ಧ್ವನಿಮುದ್ರಣಗಳು ‘ಆಕರಗಳು’. ಹೆಸರಿಗೆ ವ್ಯಾಪ್ತಿಯನ್ನೂ ಹೇಳಬಹುದು: ಕಲೆಕ್ಟರ್ ಎನ್ನುವುದು ಆಂಧ್ರದ ಬಳಕೆ. ಶ್ರೀನಿವಾಸಪುರಕ್ಕೇ ಹಿಂದೆ ಪಾಪನಪಲ್ಲಿ ಎಂಬ ಹೆಸರಿತ್ತಲ್ಲವೇ? ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರಿಟ್ಟ ಮೇಲೆ ಅದು ಬದಲಾಯಿತು. ಅಲ್ಲಿ ವ್ಯಾಪ್ತಿ ಎಂದರೆ ಕಾಲ.

ಇದಕ್ಕೆಂದೇ ಮುಕ್ತ ತಂತ್ರಾಂಶಗಳು ಬಂದವು. ನಾರ್ವೆಯ ಆಂಟೋಪಿಯ 2009ರಲ್ಲಿ ಮುಕ್ತವಾಯಿತು. ಫಿನ್ಲೆಂಡಿನ ವಾಂಡೋರಾ ಇನ್ನೊಂದು. ಈಗ ಇವುಗಳ ಬಳಕೆ ವಿರಳ. ವಿದ್ಯಾರ್ಥಿಗಳಿಗೆ ನನ್ನ ಸಲಹೆ ಬೇರೆ: ಉಪಾಯವನ್ನು ಉಳಿಸಿಕೊಳ್ಳಿ, ಸಲಕರಣೆ ಸರಳವಾಗಿರಲಿ. ಪೈಥಾನ್, ಫ್ಲಾಸ್ಕ್, ಎಸ್‌ಕ್ಯುಲೈಟ್ ಮೂರೂ ಉಚಿತ, ಮುಕ್ತ. ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತವೆ.

ನಾಲ್ಕು ಕೋಷ್ಟಕ ಸಾಕು. ವಿಷಯಗಳ ಕೋಷ್ಟಕದಲ್ಲಿ ಸಂಖ್ಯೆಯಿರಲಿ, ಹೆಸರು ಬೇಡ! ಹೆಸರುಗಳಿಗೆ ಪ್ರತ್ಯೇಕ ಕೋಷ್ಟಕ; ಅಲ್ಲಿ ಪ್ರತಿ ಹೆಸರಿನ ಪಕ್ಕ ಅದು ಯಾವ ವಿಷಯದ್ದು, ಯಾವ ಭಾಷೆಯದು, ಎಲ್ಲಿಯದು ಎಂದು ಬರೆಯಿರಿ. ಉಳಿದೆರಡು ಸಂಬಂಧಕ್ಕೆ, ಆಕರಕ್ಕೆ. ಓದುಗರು ‘ಕಲೆಕ್ಟರ್’ ಎಂದು ಟೈಪು ಮಾಡಿದಾಗ ತಂತ್ರಾಂಶ ಮೊದಲು ಹೆಸರಿನ ಕೋಷ್ಟಕ ನೋಡಿ ವಿಷಯದ ಸಂಖ್ಯೆ ಪಡೆಯುತ್ತದೆ. ಆ ಸಂಖ್ಯೆಗೆ ಅಂಟಿದ ಎಲ್ಲವನ್ನೂ ತಂದು ಒಂದೇ ಪುಟದಲ್ಲಿ ಇಡುತ್ತದೆ. ‘ಬಾದಾಮಿ’ ಎಂದರೆ ಮೂರು ಸಂಖ್ಯೆ ಸಿಕ್ಕಾವು. ಆಗ ಪುಟವು ತಾನೇ ಊಹಿಸದೆ, “ಹಣ್ಣೋ, ಬೀಜವೋ, ಊರೋ?” ಎಂದು ಕೇಳಬೇಕು. ಊಹಿಸುವ ಯಂತ್ರಕ್ಕಿಂತ ಕೇಳುವ ಯಂತ್ರ ಮೇಲು ಎಂಬುದು ನನ್ನ ಪಕ್ಷಪಾತ.

ನಾಳೆ ಮದನಪಲ್ಲಿಯ ವಿದ್ಯಾರ್ಥಿಗಳು ತೆಲುಗಿನಲ್ಲಿ ಇಂಥದೇ ನಕ್ಷೆ ಮಾಡಿದರೆ ಎರಡನ್ನೂ ಕೂಡಿಸುವುದು ಹೇಗೆ? ಇಬ್ಬರಿಗೂ ಒಪ್ಪಿಗೆಯಾದ ಗುರುತು ಬೇಕು. 2012ರಲ್ಲಿ ಆರಂಭವಾದ ವಿಕಿಡೇಟಾದಲ್ಲಿ ಒಂದೊಂದು ವಿಷಯಕ್ಕೂ ಇಂಥ ಗುರುತಿದೆ, ಕರ್ನಾಟಕದ್ದು ಕ್ಯು1185. ಅದನ್ನು ಯಾರೂ ಬಳಸಬಹುದು. ಒಂದೇ ಗುರುತಿರುವ ಸಾಲುಗಳು ಸೇರಿಕೊಂಡಾಗ ಕನ್ನಡದ ಹೆಸರಿನ ಪಕ್ಕದಲ್ಲೇ ತೆಲುಗಿನ ಹೆಸರೂ ಕೂರುತ್ತದೆ.

ಒಂದು ಎಚ್ಚರಿಕೆ. ಹೆಸರುಗಳನ್ನು ಯೂನಿಕೋಡ್‌ನಲ್ಲೇ ಟೈಪು ಮಾಡಿ. ಹಳೆಯ ಫಾಂಟುಗಳ ಸಂಕೇತದಲ್ಲಿ ಬರೆದ ಕನ್ನಡ ಪರದೆಯ ಮೇಲೆ ಸರಿಯಾಗಿ ಕಂಡರೂ ಹುಡುಕಿದಾಗ ಸಿಗುವುದಿಲ್ಲ.